ಓದುಗರ ಪ್ರಶ್ನೆ: ಎಸ್ಕೊರಿಯಲ್ ಮಠದ ಸೊಲೇರ್

ಪ್ರಶ್ನೆ: ಆಂಟೋನಿ ಸೊಲೇರ್ ಚರ್ಚಿನ ಸಂಗೀತಗಾರ ಎನ್ನುತ್ತಾರೆ, ಆದರೆ ಕೇಳಸಿಗುವುದೆಲ್ಲ ಹಾರ್ಪ್ಸಿಕಾರ್ಡ್ (ತಂತಿ ಮೀಟುವ ಹಳೆಯ ಕೀಬೋರ್ಡ್ ವಾದ್ಯ) ಸೊನಾಟಾಗಳೇ. ಅವರ ನಿಜವಾದ ಕೆಲಸ ಯಾವುದು? (ಧಾರವಾಡ)

ಉತ್ತರ: ಸಂಬಳವಿಲ್ಲದ ಮಠದ ಕೆಲಸ. ಕ್ಯಾಟಲೋನಿಯಾದ ಓಲೋಟ್‌ನಲ್ಲಿ 1729ರಲ್ಲಿ ಹುಟ್ಟಿದ ಸೊಲೇರ್ ಆರನೆಯ ವಯಸ್ಸಿಗೇ ಮೊಂಟ್ಸೆರಾಟ್ ಮಠದ ಬಾಲಗಾಯಕರ ಶಾಲೆ ಸೇರಿ, ಅಲ್ಲೇ ಹಾಡು, ಆರ್ಗನ್, ರಚನಾಶಾಸ್ತ್ರ ಕಲಿತರು. 1752ರಲ್ಲಿ ಮ್ಯಾಡ್ರಿಡ್ ಬಳಿಯ, ಅರಮನೆಯೂ ಮಠವೂ ಆದ ಎಸ್ಕೊರಿಯಲ್‌ನಲ್ಲಿ ಸಂತ ಜೆರೋಮನ ಪಂಥದ ಸನ್ಯಾಸಿಯಾದರು, 1757ರಲ್ಲಿ ಅಲ್ಲಿನ ಗಾಯನ-ವಾದನಕ್ಕೆಲ್ಲ ಮುಖ್ಯಸ್ಥರಾದರು. ಕ್ರಿಸ್‌ಮಸ್ಸಿಗೆ, ಮಠದ ಸಂತ ಲಾರೆನ್ಸನ ಹಬ್ಬಕ್ಕೆ ಹೊಸ ಹಾಡು ಬರೆಯಬೇಕು, ಪೂಜೆಗೆ ಲ್ಯಾಟಿನ್ ಸಂಗೀತ ಒದಗಿಸಬೇಕು, ಹುಡುಗರಿಗೆ ಪಾಠ ಹೇಳಬೇಕು. ‘ವಿಲ್ಯಾನ್ಸಿಕೊ’ ಎಂಬ ಸ್ಪ್ಯಾನಿಷ್ ಭಕ್ತಿಗೀತೆಗಳೇ ನೂರಕ್ಕೂ ಹೆಚ್ಚಿವೆ. ಅವನ್ನು ಕೇಳದೆ ಈ ಮನುಷ್ಯನನ್ನು ಅಳೆಯುವುದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ.

ಸೊನಾಟಾಗಳಿಗೆ ಕಾರಣ ಅರಮನೆ. ಪ್ರತಿ ಶರತ್ಕಾಲ ರಾಜಪರಿವಾರ ಎಸ್ಕೊರಿಯಲ್‌ಗೆ ಬರುತ್ತಿತ್ತು. ಜೊತೆಗೆ ಬರುತ್ತಿದ್ದ ಸಂಗೀತಗಾರರಾದ ಡೊಮೆನಿಕೊ ಸ್ಕಾರ್ಲಾಟಿ, ಹೋಸೆ ದೆ ನೆಬ್ರಾ ಇವರಿಂದ ಸೊಲೇರ್ ಕಲಿತರು. ಮುಂದೆ ರಾಜಕುಮಾರ ಗಾಬ್ರಿಯೆಲ್‌ಗೆ ತಾವೇ ಗುರುವಾದರು. ಎರಡು ಆರ್ಗನ್‌ಗಳ ಆರು ಕನ್ಸರ್ಟೊಗಳು ಆ ಶಿಷ್ಯನಿಗಾಗಿಯೇ ಹುಟ್ಟಿದವು. 1783ರ ಡಿಸೆಂಬರ್‌ನಲ್ಲಿ ಸಾಯುವವರೆಗೂ ಅವರ ನೆಲೆ ಆ ಮಠವೇ.

ಪ್ರಶ್ನೆ: ಒಂದೇ ಸೊನಾಟಾಗೆ ಒಂದು ಪುಸ್ತಕದಲ್ಲಿ ‘ಆರ್’, ಇನ್ನೊಂದರಲ್ಲಿ ‘ಎಂ’ ಸಂಖ್ಯೆ ಏಕೆ? (ಬೆಂಗಳೂರು)

ಉತ್ತರ: ‘ಆರ್’ ಎಂದರೆ ಸಾಮುಯೆಲ್ ರುಬಿಯೊ, ‘ಎಂ’ ಎಂದರೆ ಫ್ರೆಡರಿಕ್ ಮಾರ್ವಿನ್, ಇಬ್ಬರೂ ಸೊಲೇರ್ ಸೊನಾಟಾಗಳ ಸಂಪಾದಕರು, ಸಂಖ್ಯೆಗಳನ್ನು ಬೇರೆಬೇರೆಯಾಗಿ ಕೊಟ್ಟವರು. ಎರಡೂ ಸಂಖ್ಯೆಗಳು ರಚನೆಯಾದ ಕ್ರಮವನ್ನು ಹೇಳುವುದಿಲ್ಲ. ಸ್ವರಲಿಪಿ ತರಿಸುವಾಗ ಅಕ್ಷರ, ಸಂಖ್ಯೆ, ಶ್ರುತಿ ಮೂರನ್ನೂ ಬರೆದುಕೊಡಿ, ಇಲ್ಲವಾದರೆ ಬೇರೊಂದು ಸೊನಾಟಾ ಕೈಸೇರುತ್ತದೆ. ಹೆಸರುವಾಸಿಯಾದ ‘ಫಂದಾಂಗೊ’ ಎಂಬ ಸ್ಪ್ಯಾನಿಷ್ ನೃತ್ಯದ ರಚನೆ ಸೊಲೇರ್ ಅವರದೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಸಂಶಯವಿದೆ.

ಪ್ರಶ್ನೆ: ಸೊಲೇರ್ ‘ಮಾಡ್ಯುಲೇಶನ್’ ಬಗ್ಗೆ ಪುಸ್ತಕವನ್ನೇ ಬರೆದರಂತೆ. ಅದು ನಮ್ಮ ಗ್ರಹಭೇದವೇ? (ಮೈಸೂರು)

ಉತ್ತರ: ಅಲ್ಲ. ಗ್ರಹಭೇದದಲ್ಲಿ ಬೇರೊಂದು ಸ್ವರವನ್ನು ಷಡ್ಜವೆಂದು ಹಿಡಿಯುತ್ತೇವೆ, ಅಷ್ಟೆ. ಶಂಕರಾಭರಣದ ರಿಷಭವನ್ನು ಷಡ್ಜ ಮಾಡಿಕೊಂಡರೆ ಖರಹರಪ್ರಿಯ ಬರುತ್ತದೆ, ಬಾರಿಸುವ ಮನೆಗಳು ಮಾತ್ರ ಅವೇ ಏಳು. ಮಾಡ್ಯುಲೇಶನ್‌ನಲ್ಲಿ, ಅಂದರೆ ಒಂದು ಶ್ರುತಿಯಿಂದ ಇನ್ನೊಂದಕ್ಕೆ ಸಾಗುವಾಗ, ಮನೆಗಳೂ ಬದಲಾಗುತ್ತವೆ. ಸಿ ಮೇಜರ್‌ನಿಂದ ಇ ಮೇಜರ್‌ಗೆ ಹೋದರೆ ಎಫ್, ಸಿ, ಜಿ, ಡಿ ನಾಲ್ಕೂ ಶಾರ್ಪ್ (ಅರ್ಧ ಸ್ವರ ಮೇಲೆ) ಆಗುತ್ತವೆ. ಕಿವಿಗೆ ಪೆಟ್ಟಾಗದಂತೆ ಅಲ್ಲಿಗೆ ಹೇಗೆ ತಲುಪಬೇಕು ಎಂಬುದೇ 1762ರಲ್ಲಿ ಮ್ಯಾಡ್ರಿಡ್‌ನಲ್ಲಿ ಅಚ್ಚಾದ ‘ಯಾವೆ ದೆ ಲಾ ಮೊಡುಲಾಸಿಯೊನ್’ (ಮಾಡ್ಯುಲೇಶನ್‌ನ ಕೀಲಿಕೈ) ಪುಸ್ತಕದ ವಿಷಯ. ಪುಸ್ತಕ ದೊಡ್ಡ ಜಗಳವನ್ನೇ ಎಬ್ಬಿಸಿತು, 1765ರಲ್ಲಿ ಸೊಲೇರ್ ಆಕ್ಷೇಪಗಳಿಗೆ ಉತ್ತರವನ್ನೂ ಅಚ್ಚು ಹಾಕಿಸಿದರು.

ಕೀಬೋರ್ಡ್ ಇದ್ದರೆ ಒಂದು ಸರಳ ದಾರಿ ನುಡಿಸಿ ನೋಡಿ. ಮೊದಲು ಸಿ ಮೇಜರ್ ಸ್ವರಗುಚ್ಛ. ನಂತರ ಎಡಗೈಯಲ್ಲಿ ಮಂದ್ರದ ಎ, ಬಲಗೈಯಲ್ಲಿ ಕೆಳಗಿನಿಂದ ಸಿ, ಇ, ಎ. ಈಗ ಎಡಗೈ ಬಿಗೆ ಏರಲಿ. ಬಲಗೈಯಲ್ಲಿ ಸಿ ಇಳಿದು ಬಿ, ಇ ಇಳಿದು ಡಿ ಶಾರ್ಪ್ ಆಗಲಿ. ಮೇಲಿನ ಎ ಮಾತ್ರ ಕದಲಬಾರದು, ಹಳೆಯ ಶ್ರುತಿಯನ್ನೂ ಹೊಸದನ್ನೂ ಹೊಲಿಯುವ ದಾರ ಅದೇ. ಕೊನೆಗೆ ಎಡಗೈ ಇಗೆ ಹೋದಾಗ ಆ ಎ ಜಿ ಶಾರ್ಪ್‌ಗೆ ಇಳಿಯುತ್ತದೆ, ಡಿ ಶಾರ್ಪ್ ಇಗೆ ಏರುತ್ತದೆ, ಬಿ ಇದ್ದಲ್ಲೇ ಇರುತ್ತದೆ.

ಹೊಸಬರು ಎಡವುವುದು ಎರಡನೆಯ ಹೆಜ್ಜೆಯಲ್ಲಿ. ಎಡಗೈ ಏರಿತೆಂದು ಬಲಗೈಯನ್ನೂ ಒಟ್ಟಿಗೇ ಏರಿಸುತ್ತಾರೆ. ಆಗ ಎ–ಇ ಜೋಡಿ ಬಿ–ಎಫ್ ಶಾರ್ಪ್ ಆಗಿ, ಪಂಚಮದ ಹಿಂದೆ ಪಂಚಮ ಬಂದು ನಾಲ್ಕು ದನಿಗಳು ಒಂದೇ ದನಿಯಂತೆ ಚಪ್ಪಟೆಯಾಗುತ್ತವೆ.

ಇದೇ ದಾರಿ, ಕೆಲವೇ ಶ್ರುತಿಗಳು ಇಂಪಾಗುವ ಹಳೆಯ ಮೀನ್‌ಟೋನ್ ಕ್ರಮದಲ್ಲಿ ಶ್ರುತಿ ಮಾಡಿದ ವಾದ್ಯದಲ್ಲಿ ಕರ್ಕಶ. ಅಲ್ಲಿ ಡಿ, ಇ ನಡುವಿನ ಕರಿಮನೆ ಇ ಫ್ಲ್ಯಾಟ್‌ಗೆ (ಅರ್ಧ ಸ್ವರ ಇಳಿದ ಇ) ಕೂಡಿರುತ್ತದೆ, ಡಿ ಶಾರ್ಪ್ ಆಗಿ ಬಳಸಿದರೆ ತೀರಾ ಏರಿದಂತೆ ಕೇಳುತ್ತದೆ. ಶ್ರುತಿಯ ಈ ಸೂಕ್ಷ್ಮ ಅಂತರಗಳನ್ನು ತೋರಿಸಲು ಸೊಲೇರ್ ತಂತಿಗಳ ಒಂದು ಉಪಕರಣವನ್ನೇ ರೂಪಿಸಿದ್ದರು. ನಿಮ್ಮ ಇಂದಿನ ಕೀಬೋರ್ಡಿನಲ್ಲಿ ಹನ್ನೆರಡೂ ಅಂತರಗಳು ಸಮವಾಗಿರುವುದರಿಂದ ಆ ತೊಂದರೆ ಬಾರದು.