ಟ್ರ್ಯಾಕ್ಟರ್ ಇಂಡಿಕೇಟರ್ ಹಾಕಿದರೆ ಟ್ರೇಲರಿನ ಕೆಂಪು ದೀಪವೂ ಯಾಕೆ ಮಿಣುಕುತ್ತದೆ?

ಬಲ್ಬ್ ಹೋಗಿಲ್ಲ, ಅರ್ಥಿಂಗ್ ಸರಿಯಿಲ್ಲ. ಬ್ಯಾಟರಿಯಿಂದ ಬಲ್ಬಿಗೆ ಬಂದ ಕರೆಂಟು ಅರ್ಥ್ ದಾರಿಯಲ್ಲಿ ವಾಪಸ್ ಹೋಗಲೇಬೇಕು ಅಲ್ವಾ? ಆ ದಾರಿ ಕಟ್ಟಿಕೊಂಡರೆ ಪಕ್ಕದ ಬಲ್ಬಿನ ಮೂಲಕ ನುಗ್ಗುತ್ತದೆ. ಅದಕ್ಕೇ ಎರಡೂ ಮಂಕಾಗಿ ಮಿಣುಕುತ್ತವೆ.

ಅರ್ಥ್ ವೈರು ಎಳೆಯದೆ ಟ್ರೇಲರಿನ ಕೊಂಡಿಯನ್ನೇ ನಂಬಿದರೆ ಹೀಗಾಗುತ್ತದೆ. ಸಿಂಧನೂರು, ಗಂಗಾವತಿ ಕಡೆಯ ಗದ್ದೆ ಕೆಸರು, ಗ್ರೀಸು, ತುಕ್ಕು ಸೇರಿದ ಕೊಂಡಿಯಲ್ಲಿ ಕರೆಂಟು ಸರಿಯಾಗಿ ಹರಿಯಲ್ಲ. ಬ್ಯಾಟರಿಯ ನೆಗೆಟಿವ್‌ನಿಂದ ಟ್ರೇಲರಿನ ಬರಿ ಕಬ್ಬಿಣಕ್ಕೆ ಒಂದು ವೈರು ಮುಟ್ಟಿಸಿ ನೋಡಿ. ದೀಪ ಸರಿಹೋದರೆ ತೊಂದರೆ ಇದೇ.

ಆಮೇಲೆ ಟ್ರೇಲರ್ ದೀಪಗಳ ವೈರು ಟ್ರ್ಯಾಕ್ಟರಿಗೆ ಸೇರುವ 7 ಪಿನ್ ಸಾಕೆಟ್ಟಿನ ಅರ್ಥ್ ಪಿನ್ನಿಂದ ಟ್ರೇಲರ್ ಚಾಸಿಗೆ ದಪ್ಪ ವೈರು ಹಾಕಿಸಿ. ಬೋಲ್ಟ್ ಕೂರುವ ಜಾಗದ ಪೇಂಟು ಹೋಗಿ ಲೋಹ ಹೊಳೆಯುವವರೆಗೂ ಉಜ್ಜಿಸಿ. ರಾತ್ರಿ ಭತ್ತ ಹೇರಿಕೊಂಡು ಹೋಗುವವರಾದರೆ ದಯವಿಟ್ಟು ತಡಮಾಡಬೇಡಿ.