ಇರುವ .308 ಸಾಕು, ಮ್ಯಾಗ್ನಮ್ ಕೊಳ್ಳಬೇಡಿ

ಮನೆಯಲ್ಲಿ ಒಂದು .308 ರೈಫಲ್ ಇದೆ, ಅದು ಆಫ್ರಿಕಾಕ್ಕೆ ಸಾಲದು ಅನ್ನಿಸುತ್ತಿದೆ, ಟೆಕ್ಸಾಸ್‌ನ ಜಿಂಕೆಗೂ ಅಲ್ಲಿನ ಪ್ರಾಣಿಗಳಿಗೂ ಒಂದೇ ರೈಫಲ್ ಆಗಬೇಕು, .300 ವಿನ್ ಮ್ಯಾಗ್ ತೆಗೆದುಕೊಳ್ಳಲಾ ಇಲ್ಲ .375 ತೆಗೆದುಕೊಳ್ಳಲಾ ಅಂತ ಕೇಳಿದ್ದೀರಿ. (ಈ ಅಂಕಿಗಳೆಲ್ಲ ತೋಟಾದ ಹೆಸರುಗಳು. ಮ್ಯಾಗ್ನಮ್ ಅಂದರೆ ಮದ್ದು ಜಾಸ್ತಿ ಇರುವ ಜೋರಿನ ತೋಟಾ.) ಕೆಲವು ವರ್ಷದ ಹಿಂದೆ ನಾನು ಊರೆಲ್ಲ ಕೇಳಿಕೊಂಡು ತಿರುಗಿದ್ದು ಇದೇ ಪ್ರಶ್ನೆ. ಆಗ ನನ್ನ ಹತ್ತಿರ ಒಂದು .30-06 ಇತ್ತು, ಜೋರಿನಲ್ಲಿ ನಿಮ್ಮ .308ಕ್ಕೆ ಹತ್ತಿರದ್ದೇ. ಅದನ್ನು ಮಾರಿ .300 ವಿನ್ ಮ್ಯಾಗ್ ತಂದೆ. ಆಮೇಲೆ ನಮೀಬಿಯಾದಲ್ಲಿ ಒಂದು ಓರಿಕ್ಸ್, ಅಲ್ಲಿನ ದೊಡ್ಡ ಹುಲ್ಲೆ, ನನ್ನ ಗುಂಡನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಒಂದು ರಾತ್ರಿಯಿಡೀ ನರಳಿತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಕೊಡಗಿನವನು. ಕೋವಿ ನಮಗೆ ಹೊಸದಲ್ಲ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೋಳ್ದ್ ದಿನ ನಳಿಗೆಗೆ ತೋಕ್ ಪೂ ಅನ್ನುವ ಕಾಡುಹೂ ಸಿಕ್ಕಿಸಿ ಪೂಜೆ ಮಾಡಿ, ಆಮೇಲೆ ಮರದ ತುದಿಯ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅನ್ನುವುದು ಅಜ್ಜನ ಮಾತಿನಲ್ಲಿ ಮಾತ್ರ ಉಳಿದಿತ್ತು. ನಾವು ಹುಡುಗರು ತೆಂಗಿನಕಾಯಿಯಲ್ಲೇ ಗುರಿ ಕಲಿತವರು. ನನ್ನ ಗುರಿ ಚೆನ್ನಾಗಿಯೇ ಇತ್ತು. ಟೆಕ್ಸಾಸ್‌ಗೆ ಬಂದ ಮೇಲೆ ಲೈಸೆನ್ಸ್ ಮಾಡಿಸಿ, ಪ್ರತಿ ನವೆಂಬರ್‌ನಲ್ಲಿ ಬ್ಲೈಂಡ್ ಅನ್ನುವ ಮರೆಗೂಡಿನೊಳಗೆ ಕುರ್ಚಿ ಹಾಕಿಕೊಂಡು ಕೂತು, ಜೋಳ ತಿನ್ನಲು ಬರುವ ಜಿಂಕೆಗೆ ಎಂಬತ್ತು ತೊಂಬತ್ತು ಗಜದಿಂದ ಹೊಡೆಯುತ್ತಿದ್ದೆ. ಆ .30-06 ಒಂದು ಸಲವೂ ಕೈಕೊಟ್ಟಿರಲಿಲ್ಲ.

ಮತ್ತೆ ಯಾಕೆ ಮಾರಿದೆ? ಆಫ್ರಿಕಾದ ಪ್ರಾಣಿಗಳು ಗಟ್ಟಿ, ಅವಕ್ಕೆ ದೊಡ್ಡ ಕೋವಿಯೇ ಬೇಕು ಅಂತ ಎಲ್ಲರೂ ಹೇಳಿದರು. ನಂಬಿದೆ.

ನನ್ನ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅದು ಮಾಡುವಾಗ ತಪ್ಪು ಅಂತ ಗೊತ್ತೇ ಆಗುವುದಿಲ್ಲ. ಒಂದೇ ತೂಕದ ರೈಫಲ್ ಆದರೆ .308ಕ್ಕಿಂತ .300 ಸುಮಾರು ಒಂದೂವರೆ ಪಟ್ಟು ಜೋರಾಗಿ ಭುಜಕ್ಕೆ ಒದೆಯುತ್ತದೆ. .375 ಎರಡು ಪಟ್ಟು. ಮೊದಲ ದಿನ ಹದಿನೈದು ಗುಂಡು ಹೊಡೆಯುವಷ್ಟರಲ್ಲಿ ಭುಜ ಕೆಂಪಾಯಿತು. ಮುಂದಿನ ವಾರ ಅಂಗಡಿಯಿಂದ ಭಾರ ಹೇರುವ ಕಬ್ಬಿಣದ ಸ್ಟ್ಯಾಂಡ್ ತಂದೆ. ರೈಫಲನ್ನು ಅದರಲ್ಲಿ ಕೂರಿಸಿದರೆ ಒದೆತವನ್ನು ಸ್ಟ್ಯಾಂಡೇ ತಿನ್ನುತ್ತದೆ. ನೂರು ಗಜದಲ್ಲಿ ಮೂರು ಗುಂಡು ಒಂದು ಇಂಚಿನೊಳಗೆ ಬಿದ್ದವು. ಆ ಕಾಗದವನ್ನು ಮಡಚಿ ಪರ್ಸ್‌ನಲ್ಲಿ ಇಟ್ಟುಕೊಂಡೆ. ರೈಫಲ್ ರೆಡಿ, ನಾನೂ ರೆಡಿ ಅಂದುಕೊಂಡೆ. ಆದರೆ ಆ ಕಾಗದ ತೋರಿಸುತ್ತಿದ್ದುದು ರೈಫಲ್‌ನ ಗುರಿಯನ್ನು. ನನ್ನ ಗುರಿ ಏನಾಗಿದೆ ಅಂತ ನಾನು ನೋಡಿಯೇ ಇರಲಿಲ್ಲ.

ಮೊದಲ ದಿನದ ಹದಿನೈದು ಏಟು ಮೈಯಲ್ಲಿ ಕೂತುಬಿಟ್ಟಿತ್ತು. ಮುಂದಿನ ಸಲ ಬೆರಳು ಟ್ರಿಗರ್ ಒತ್ತುವ ಹೊತ್ತಿಗೆ ಭುಜ ತಾನಾಗಿ ಮುಂದಕ್ಕೆ ನೂಕುತ್ತದೆ, ಕಣ್ಣು ಮುಚ್ಚುತ್ತದೆ, ನಳಿಗೆ ಕೆಳಗೆ ಬಾಗುತ್ತದೆ. ಇದೆಲ್ಲ ಗುಂಡು ಹೊರಡುವ ಮುಂಚೆಯೇ ಆಗಿಹೋಗಿರುತ್ತದೆ. ಹೊಡೆದವನಿಗೆ ಅದು ಕಾಣುವುದಿಲ್ಲ. ಸದ್ದು ಮತ್ತು ಒದೆತ ಬಂದು ಎಲ್ಲವನ್ನೂ ಮುಚ್ಚಿಹಾಕುತ್ತವೆ. ಸ್ಟ್ಯಾಂಡ್ ಮೇಲಿದ್ದರೆ ನಳಿಗೆ ಬಾಗಲು ಜಾಗವೇ ಇಲ್ಲ, ಹಾಗಾಗಿ ಅಲ್ಲಂತೂ ಗೊತ್ತಾಗುವ ಮಾತೇ ಇಲ್ಲ. ತೋಟಾದ ಡಬ್ಬಿಗೆ ದುಡ್ಡು ಜಾಸ್ತಿ, ಏಟೂ ಜಾಸ್ತಿ, ಹಾಗಾಗಿ ಆಮೇಲೆ ಅಭ್ಯಾಸವನ್ನೂ ಕಡಿಮೆ ಮಾಡಿದೆ. ವಿಮಾನ ಹತ್ತುವ ಹೊತ್ತಿಗೆ ಆ ರೈಫಲ್‌ನಿಂದ ನಲವತ್ತು ಗುಂಡೂ ಹೊಡೆದಿರಲಿಲ್ಲ. ನಿಂತುಕೊಂಡು ಹೊಡೆದದ್ದು ಸೊನ್ನೆ.

ಜೂನ್ ತಿಂಗಳು, ಅಲ್ಲಿ ಚಳಿಗಾಲ. ವಿಂಡ್‌ಹೂಕ್‌ನ ಪಶ್ಚಿಮಕ್ಕೆ ಖೋಮಾಸ್ ಬೆಟ್ಟಗಳಲ್ಲಿ ಒಂದು ದನದ ಫಾರ್ಮ್. ಬೆಳಿಗ್ಗೆ ಕೈಬೆರಳು ಮರಗಟ್ಟುವ ಚಳಿ, ಹತ್ತು ಗಂಟೆಗೆ ಜಾಕೆಟ್ ತೆಗೆಯುವ ಬಿಸಿಲು. ಎರಡನೇ ದಿನ ಒಂದು ಒಂಟಿ ಓರಿಕ್ಸ್ ಸಿಕ್ಕಿತು. ಕಪ್ಪು ಬಿಳಿ ಮುಖ, ಈಟಿಯಂಥ ನೆಟ್ಟಗಿನ ಕೊಂಬು, ಇನ್ನೂರು ಕಿಲೋ ಮೇಲೆಯೇ ಇರುವ ಮೈ. ನೂರಾನಲವತ್ತು ಮೀಟರ್. ಬಲಕ್ಕೆ ಮುಖ ಮಾಡಿ ಅಡ್ಡ ನಿಂತಿತ್ತು. ಕರೆದುಕೊಂಡು ಹೋದ ಬೇಟೆಗಾರರು ಮೂರು ಕಾಲಿನ ಕೋಲು ನೆಟ್ಟು ಪಕ್ಕಕ್ಕೆ ಸರಿದರು. ಆಫ್ರಿಕಾದಲ್ಲಿ ಹೆಚ್ಚಿನ ಗುಂಡು ಹೊಡೆಯುವುದು ಹೀಗೆ ನಿಂತು, ಕೋಲಿನ ಮೇಲೆ ರೈಫಲ್ ಇಟ್ಟು. ಕುರ್ಚಿ ಇಲ್ಲ, ಕಿಟಕಿ ಇಲ್ಲ. ಒತ್ತಿದೆ. ಟಪ್ ಅಂತ ಒದ್ದೆ ಸದ್ದು ಬಂತು. ಅವರ ಮುಖ ನೋಡಿದಾಗಲೇ ಗೊತ್ತಾಯಿತು. ಗುಂಡು ಒಂದೂವರೆ ಗೇಣು ಹಿಂದೆ ಬಿದ್ದಿತ್ತು.

ಕತ್ತಲಾಗುವ ತನಕ ಹುಡುಕಿದೆವು. ಜಾಡು ಹಿಡಿಯುವವರು ಇಬ್ಬರು ಮುಂದೆ ಬಗ್ಗಿ ನಡೆಯುತ್ತಿದ್ದರು. ಒಂದು ಕಲ್ಲಿನ ಮೇಲೆ ಬೆರಳುಗುರಿನಷ್ಟು ರಕ್ತ, ಅದರಲ್ಲಿ ಹಸಿರು ಬೆರೆತಿತ್ತು. ಅಂದರೆ ಹೊಟ್ಟೆ. ಅವರಲ್ಲಿ ಹಿರಿಯರು ಆ ಹಸಿರನ್ನು ಬೆರಳಿನಲ್ಲಿ ತೆಗೆದು ಮೂಸಿ, ಏನೂ ಹೇಳದೆ ನನ್ನ ಕಡೆ ನೋಡಿ ಮುಂದೆ ಹೋದರು. ಮಾರನೇ ದಿನ ಬೆಳಿಗ್ಗೆ ಒಂದು ಮುಳ್ಳುಪೊದೆಯ ಬುಡದಲ್ಲಿ ಸಿಕ್ಕಿತು. ಇನ್ನೂ ಜೀವ ಇತ್ತು. ಕೊಂಬು ನಮ್ಮ ಕಡೆ ತಿರುಗಿಸಿಕೊಂಡೇ ಕೂತಿತ್ತು. ಬೇಟೆಗಾರರು ತಮ್ಮ ರೈಫಲ್‌ನಿಂದ ಮುಗಿಸಿದರು. ಅಲ್ಲಿನ ಕ್ರಮದಲ್ಲಿ ರಕ್ತ ಬಿದ್ದರೆ ಪ್ರಾಣಿ ಸಿಗಲಿ ಬಿಡಲಿ ದುಡ್ಡು ಕೊಡಲೇಬೇಕು. ದುಡ್ಡಿನ ಯೋಚನೆ ನನಗೆ ಬರಲೂ ಇಲ್ಲ.

ಅವತ್ತು ಮಧ್ಯಾಹ್ನ ಆ ಬೇಟೆಗಾರರು ನನ್ನ ರೈಫಲ್ ಇಸಿದುಕೊಂಡರು. ಬೆನ್ನು ತಿರುಗಿಸಿ ಬೋಲ್ಟ್ ಎಳೆದು ಮುಚ್ಚಿದರು. ಕೋಲಿನ ಮೇಲಿಟ್ಟು, "ಆ ಕಲ್ಲಿಗೆ ಹೊಡೆಯಿರಿ" ಅಂದರು. ಗುರಿ ಇಟ್ಟು ಒತ್ತಿದೆ. ಟಿಕ್ ಅಂದಿತು ಅಷ್ಟೆ. ಒಳಗೆ ತೋಟಾ ಇರಲಿಲ್ಲ. ಆದರೆ ನಳಿಗೆಯ ತುದಿ ನಾಲ್ಕು ಬೆರಳು ಕೆಳಗೆ ಹೋಗಿತ್ತು, ನನ್ನ ಭುಜ ಮುಂದಕ್ಕೆ ಬಂದಿತ್ತು. ನಾನೇ ಕಣ್ಣಾರೆ ನೋಡಿದೆ. "ಇನ್ನೊಮ್ಮೆ" ಅಂದರು. ಮತ್ತೆ ಹಾಗೇ. ಐದು ಸಲ ಕೊಟ್ಟರು. ಒಂದರಲ್ಲಿ ತೋಟಾ ಇತ್ತು, ನಾಲ್ಕರಲ್ಲಿ ಇರಲಿಲ್ಲ. ಐದೂ ಸಲ ನಳಿಗೆ ಬಾಗಿತು.

ಅವರು ಬೈಯಲಿಲ್ಲ. ಒಳಗಿನಿಂದ ಒಂದು .22, ಒದೆತವೇ ಇಲ್ಲದಂಥ ಪುಟ್ಟ ರೈಫಲ್, ತಂದು ಕೊಟ್ಟು, ಸಂಜೆವರೆಗೂ ಕೋಲಿನ ಮೇಲಿಂದ ಡಬ್ಬಕ್ಕೆ ಹೊಡೆಸಿದರು. ಮಾರನೇ ದಿನವೂ ಅದೇ. ಆಮೇಲೆ ಫಾರ್ಮಿನ ಒಂದು ಹಳೇ .30-06 ಕೈಗೆ ಕೊಟ್ಟರು. ಮರದ ಹಿಡಿಯ ಬಣ್ಣವೆಲ್ಲ ಹೋಗಿತ್ತು. ಕೊನೆಯ ದಿನ ಅದರಿಂದಲೇ ಒಂದು ಗಂಡು ಕುಡು ಹೊಡೆದೆ, ಅದು ಸುರುಳಿ ಕೊಂಬಿನ ಹುಲ್ಲೆ. ಓರಿಕ್ಸ್‌ಗಿಂತಲೂ ದೊಡ್ಡದು. ನಲವತ್ತು ಹೆಜ್ಜೆ ಓಡಿ ಬಿದ್ದಿತು. ನಾನು ಟೆಕ್ಸಾಸ್‌ನಲ್ಲಿ ಮಾರಿ ಬಂದಿದ್ದೂ ಇಂಥದೇ ಕೋವಿಯನ್ನು.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. .308 ಸಾಲದು ಅಂತ ಯಾರು ಹೇಳಿದರು? ನಮೀಬಿಯಾದ ಕಾನೂನನ್ನೇ ನೋಡಿ. ಸ್ಪ್ರಿಂಗ್‌ಬಾಕ್‌ನಂಥ ಸಣ್ಣ ಹುಲ್ಲೆಗೆ ಹೊಡೆಯುವ ಗುಂಡಿಗೆ ಕಡೇಪಕ್ಷ 1350 ಜೂಲ್ ಶಕ್ತಿ ಇರಬೇಕು. ಕುಡು, ಓರಿಕ್ಸ್, ಈಲ್ಯಾಂಡ್‌ಗೆ 2700. ಆಫ್ರಿಕಾದ ಕಾಡೆಮ್ಮೆ (ಕೇಪ್ ಬಫಲೋ), ಆನೆಗೆ 5400. ನಿಮ್ಮ .308ರ ಸಾಮಾನ್ಯ 150 ಗ್ರೇನ್ (ಸುಮಾರು ಹತ್ತು ಗ್ರಾಂ) ಗುಂಡಿಗೇ ನಳಿಗೆಯ ಬಾಯಲ್ಲಿ ಸುಮಾರು 3600 ಜೂಲ್ ಇರುತ್ತದೆ. .30-06ಕ್ಕೆ 3900ರ ಆಸುಪಾಸು. .300ಕ್ಕೆ 4700. ಈಗ ಗಮನಿಸಿ, .300 ಕೊಂಡರೂ ನೀವು ಕಾಡೆಮ್ಮೆಯ ಲೆಕ್ಕ ಮುಟ್ಟುವುದಿಲ್ಲ. ಅಷ್ಟು ಒದೆಸಿಕೊಂಡು ನೀವು ಹೊಡೆಯುವುದು .308 ಹೊಡೆಯುವ ಪ್ರಾಣಿಗಳನ್ನೇ.

.375 ಕಾಡೆಮ್ಮೆಗೆ ಸರಿ. 1912ರಿಂದ ಅದೇ ಕೆಲಸ ಮಾಡುತ್ತಾ ಬಂದಿದೆ, ಅದರ ಬಗ್ಗೆ ನನಗೆ ಗೌರವ ಇದೆ. ಆದರೆ ಕಾಡೆಮ್ಮೆ ನಿಮ್ಮ ಪಟ್ಟಿಯಲ್ಲಿ ನಿಜವಾಗಿ ಇದೆಯಾ? ಮೊದಲ ಸಲ ಹೋಗುವವರು ಹೆಚ್ಚಾಗಿ ಇಂಪಾಲಾ, ಕುಡು, ವಾರ್ಟ್‌ಹಾಗ್ ಬೇಟೆಗೆ ಹೋಗುತ್ತಾರೆ. ಮುಂದೆ ಯಾವತ್ತಾದರೂ ಕಾಡೆಮ್ಮೆಗೆ ಹೋದರೆ ಅಲ್ಲೇ .375 ಬಾಡಿಗೆಗೆ ಸಿಗುತ್ತದೆ. ಆ ಒಂದು ವಾರಕ್ಕಾಗಿ ಇಪ್ಪತ್ತು ವರ್ಷ ಟೆಕ್ಸಾಸ್‌ನ ಪುಟ್ಟ ಜಿಂಕೆಗೆ .375 ಹೊತ್ತು ತಿರುಗಬೇಕಾ?

ಜಿಮ್ ಕಾರ್ಬೆಟ್ ನರಭಕ್ಷಕಗಳ ಹಿಂದೆ ಹೋಗುವಾಗ ಹಿಡಿದಿದ್ದ ಹಗುರ ರೈಫಲ್ .275 ರಿಗ್ಬಿ. ಜರ್ಮನ್ನರ 7×57 ಮೌಸರ್ ತೋಟಾಕ್ಕೇ ಇಂಗ್ಲಿಷರು ಇಟ್ಟ ಹೆಸರು ಅದು. ನಿಮ್ಮ .308ಕ್ಕಿಂತ ಮೆತ್ತಗೆ ಒದೆಯುತ್ತದೆ. ಆಫ್ರಿಕಾದಲ್ಲಿ ಬೆಲ್ ಎಂಬ ಸ್ಕಾಟ್ಲೆಂಡಿನವರು ಅದರಿಂದಲೇ ನೂರಾರು ಆನೆ ಹೊಡೆದರು. ಆನೆಗೆ ಅದು ಸಾಕು ಅಂತ ಹೇಳುತ್ತಿಲ್ಲ, ಈಗಿನ ಕಾನೂನೂ ಬಿಡಲ್ಲ. ಅವರು ಆನೆಯ ತಲೆಬುರುಡೆಯೊಳಗೆ ಮಿದುಳು ಎಲ್ಲಿದೆ ಅಂತ ತಿಳಿದುಕೊಂಡು ಅಲ್ಲಿಗೇ ಹೊಡೆಯುತ್ತಿದ್ದರು.

ಇದು ನಿಮಗೂ ಬೇಕಾದ ಮಾತು. ಜಿಂಕೆಗೆ ನಾವು ಭುಜದ ಹಿಂದೆ ಹೊಡೆದು ರೂಢಿ. ಆಫ್ರಿಕಾದ ಹೆಚ್ಚಿನ ಪ್ರಾಣಿಗಳ ಹೃದಯ ಮತ್ತು ಶ್ವಾಸಕೋಶ ಇನ್ನೂ ಮುಂದಕ್ಕೆ, ಕೆಳಕ್ಕೆ ಇರುತ್ತವೆ. ಪ್ರಾಣಿ ಅಡ್ಡ ನಿಂತಾಗ ಮುಂಗಾಲಿನ ನೇರಕ್ಕೆ ಮೇಲೆ ಬಂದು, ಮೈಯ ಕೆಳಗಿನಿಂದ ಮೂರನೇ ಒಂದು ಭಾಗದ ಎತ್ತರದಲ್ಲಿ ಗುರಿ ನಿಲ್ಲಿಸಿ. ಜಿಂಕೆಯ ರೂಢಿಯಲ್ಲೇ ಹಿಂದೆ ಹೊಡೆದು, ಅದರ ಜೊತೆ ನಳಿಗೆಯೂ ಬಾಗಿದರೆ ನನ್ನ ಓರಿಕ್ಸ್‌ನ ಗತಿಯೇ ಆಗುತ್ತದೆ.

ದುಡ್ಡು ಖರ್ಚು ಮಾಡಲೇಬೇಕು ಅಂತಿದ್ದರೆ ಒಳ್ಳೆ ಗುಂಡಿಗೆ ಮಾಡಿ. ಮೂಳೆಗೆ ಬಡಿದ ತಕ್ಷಣ ಚೂರಾಗುವ ತೆಳು ಗುಂಡು ಜಿಂಕೆಗೆ ನಡೆಯುತ್ತದೆ, ಓರಿಕ್ಸ್‌ನ ಭುಜಕ್ಕೆ ನಡೆಯಲ್ಲ. ನೋಸ್ಲರ್ ಪಾರ್ಟಿಷನ್ ಅಥವಾ ಪೂರ್ತಿ ತಾಮ್ರದ ಬಾರ್ನ್ಸ್ ಟಿಎಸ್‌ಎಕ್ಸ್ ಥರದ್ದು ತನ್ನಿ. .308ಕ್ಕೆ ಪಾರ್ಟಿಷನ್ ಆದರೆ 165 ಅಥವಾ 180 ಗ್ರೇನ್, ತಾಮ್ರದ್ದಾದರೆ 150 ಆದರೂ ಸರಿ. ಅದೇ ಗುಂಡನ್ನು ಇಲ್ಲಿ ಜಿಂಕೆಗೂ ಬಳಸಿ, ಅದು ಎಲ್ಲಿ ಬೀಳುತ್ತದೆ ಅಂತ ಕೈಗೆ ಗೊತ್ತಾಗಲಿ. ಹೊರಡುವ ಮುಂಚೆ ಅಮೆರಿಕದ ಕಸ್ಟಮ್ಸ್‌ನಲ್ಲಿ 4457 ಫಾರಂ ಮಾಡಿಸಿಕೊಳ್ಳಿ, ವಾಪಸ್ ಬರುವಾಗ ರೈಫಲ್ ನಿಮ್ಮದೇ ಅಂತ ತೋರಿಸಲು ಬೇಕು. ವಿಮಾನದಲ್ಲಿ ತೋಟಾ ಸಾಮಾನ್ಯವಾಗಿ ಐದು ಕಿಲೋ ತನಕ ಬಿಡುತ್ತಾರೆ.

ನಾನು ವಾಪಸ್ ಬಂದು .300 ಮಾರಿದೆ. ಮತ್ತೆ .30-06 ಕೊಂಡೆ. ಈಗ ಶನಿವಾರ ಮೂರು ಕಾಲಿನ ಕೋಲು ಹಿಡಿದು ರೇಂಜ್‌ಗೆ ಹೋಗುತ್ತೇನೆ, ಮೊದಲು ಐವತ್ತು .22, ಆಮೇಲೆ ಹತ್ತು ದೊಡ್ಡದು. ಅಷ್ಟಕ್ಕೇ ನಿಲ್ಲಿಸುತ್ತೇನೆ, ಭುಜಕ್ಕೆ ಏಟಿನ ನೆನಪು ಕೂರಬಾರದು.

ನೀವು ಯಾವ ಅಂಗಡಿಗೂ ಹೋಗುವ ಮುಂಚೆ ಒಂದು ಕೆಲಸ ಮಾಡಿ. ರೇಂಜ್‌ಗೆ ಗೆಳೆಯರೊಬ್ಬರನ್ನು ಕರೆದುಕೊಂಡು ಹೋಗಿ. ಪ್ರತಿ ಸಲ ಅವರು ಬೆನ್ನು ತಿರುಗಿಸಿ ತೋಟಾ ಹಾಕುವುದೋ ಖಾಲಿ ಬಿಡುವುದೋ ಅವರಿಗೇ ಬಿಡಿ. ನೀವು ನಿಂತು, ನಿಮ್ಮ .308 ಎತ್ತಿ, ಹತ್ತು ಸಲ ಒತ್ತಿ. ಗೆಳೆಯರು ಗುರಿಹಲಗೆ ನೋಡುವುದು ಬೇಡ, ನಿಮ್ಮ ನಳಿಗೆಯ ತುದಿ ನೋಡಲಿ.