ಬ್ಯಾಕ್‌ಗ್ಯಾಮನ್‌ನಲ್ಲಿ (ಇಬ್ಬರು ಎರಡು ದಾಳ ಹಾಕಿ ಕಾಯಿ ನಡೆಸುವ ಆಟ) ದಾಳ ಮತ್ತೆ ಹಾಕುವ ಬಗೆಯ ಆಟ ಹೇಗೆ? ಆ ಅವಕಾಶ ಯಾವಾಗ ಬಳಸಬೇಕು?

ಬೆಂಗಳೂರಿನ ಬೋರ್ಡ್ ಗೇಮ್ ಕೂಟಗಳಿಗೆ ಬರುವ ಹೊಸಬರು ಮತ್ತೆ ಹಾಕುವ ಈ ಅವಕಾಶವನ್ನು ಚೌಕಾಬಾರದ ಹಾಗೆ ಅಂದುಕೊಳ್ಳುತ್ತಾರೆ. ಅಲ್ಲ. ಅಲ್ಲಿ ನಾಲ್ಕೋ ಎಂಟೋ ಬಿದ್ದರೆ ಇನ್ನೊಂದು ಆಟ ಹೆಚ್ಚುವರಿ. ಇಲ್ಲಿ ಮೊದಲು ಬಿದ್ದದ್ದು ರದ್ದು.

ಆಡಲು ಸುಲಭವಾದ ನಿಯಮ: ಒಂದು ಆಟಕ್ಕೆ ಒಬ್ಬರಿಗೆ ಒಂದೇ ಸಲ, ಎರಡೂ ದಾಳ ಒಟ್ಟಿಗೆ, ಕಾಯಿ ಮುಟ್ಟುವ ಮುಂಚೆ. ಎರಡನೆಯದು ಇನ್ನೂ ಕೆಟ್ಟದ್ದಾದರೂ ಅದನ್ನೇ ಆಡಬೇಕು. ಗುರುತಿಗೆ ಇಬ್ಬರೂ ಒಂದೊಂದು ನಾಣ್ಯ ಇಟ್ಟುಕೊಳ್ಳಿ, ಬಳಸಿದ ಕೂಡಲೇ ಆಚೆ ಇಡಿ. ಜಗಳವೆಲ್ಲ ಆಗುವುದು ‘ನೀನು ಆಗಲೇ ಬಳಸಿದ್ದೆ’ ಅನ್ನುವುದಕ್ಕೇ.

ಶುರುವಿನಲ್ಲೇ 4-1 ಬಿತ್ತೆಂದು ಖರ್ಚು ಮಾಡುವುದು ದಂಡ. ಬಾರ್ ಮೇಲೆ (ಹೊಡೆತ ತಿಂದ ಕಾಯಿ ಕೂರುವ ನಡುಪಟ್ಟಿ) ಕಾಯಿ ಇದ್ದು, ಎದುರಾಳಿಯ ಮನೆಯ ಆರು ಜಾಗಗಳಲ್ಲಿ ಒಂದೇ ತೆರೆದಿದ್ದರೆ ಒಳಬರುವ ಸಾಧ್ಯತೆ 36ರಲ್ಲಿ 11, ಸುಮಾರು 31%. ಮತ್ತೆ ಹಾಕಬಹುದಾದರೆ ಸುಮಾರು 52%.

ನಿಜವಾದ ಬೆಲೆ ತಿಳಿಯುವುದು ಕೊನೆಯಲ್ಲಿ, ಡಬ್ಲಿಂಗ್ ಕ್ಯೂಬ್ ಜೊತೆ: ಅದರಿಂದ ಪಣ ಎರಡರಷ್ಟು ಮಾಡೋಣ ಎಂದರೆ ಎದುರಾಳಿ ಒಪ್ಪಬೇಕು, ಇಲ್ಲವೇ ಸೋಲೊಪ್ಪಬೇಕು. ನಿಮ್ಮ ಕೊನೆಯ ಎರಡು ಕಾಯಿ 5 ಮತ್ತು 2ನೇ ಜಾಗದಲ್ಲಿವೆ (ಹೊರಹೋಗಲು ಅಷ್ಟು ಹೆಜ್ಜೆ ಬಾಕಿ), ಎದುರಾಳಿ ಮುಂದಿನ ಸರದಿಯಲ್ಲಿ ಖಂಡಿತ ಮುಗಿಸುತ್ತಾನೆ ಅನ್ನಿ. ಸಾಮಾನ್ಯ ಆಟದಲ್ಲಿ ನಿಮಗೆ ಗೆಲ್ಲುವ ಸಾಧ್ಯತೆ 36ರಲ್ಲಿ 19, ಅಂದರೆ 53%. ಡಬಲ್ ಕೊಟ್ಟರೆ ಅವನು ಒಪ್ಪುತ್ತಾನೆ. ನಾಣ್ಯ ಕೈಯಲ್ಲಿದ್ದರೆ ನಿಮ್ಮದು ಸುಮಾರು 78%. ಅವನಿಗೆ ಉಳಿದ 22% ಒಪ್ಪಲು ಬೇಕಾದ 25%ಕ್ಕಿಂತ ಕಡಿಮೆ, ಆದ್ದರಿಂದ ಆಟ ಬಿಟ್ಟುಕೊಡುವುದೇ ಸರಿ.